ಹಲಸಿನ ಹಲಗೆ, ಹಿತ್ತಾಳೆ ಕುದುರೆ: ಬೇಸ್ ಗಿಟಾರಿಗೆ ಮರ ಮತ್ತು ಬಿಡಿಭಾಗ ಆರಿಸುವುದು

(ತುಮಕೂರಿನಲ್ಲಿ ಮರಗೆಲಸದವರು, ಆರ್ಕೆಸ್ಟ್ರಾ ಕಲಾವಿದರು ಮತ್ತು ಕಾಲೇಜು ಹುಡುಗರು ಸೇರಿದ್ದ ಒಂದು ಸಂಜೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದದ್ದು.)

ಈ ಮೇಜಿನ ಮೇಲೆ ಐದು ಹಲಗೆ ಇಟ್ಟಿದ್ದೇನೆ. ಯಾವುದರ ಮೇಲೂ ಹೆಸರು ಬರೆದಿಲ್ಲ. ಮಾತು ಶುರುವಾಗುವ ಮುಂಚೆ ನಿಮ್ಮಲ್ಲಿ ಕೆಲವರು ಬಂದು ಮುಟ್ಟಿ ನೋಡಿದಿರಿ. ಎಲ್ಲರೂ ಕೇಳಿದ್ದು ಒಂದೇ: "ಇದು ಯಾವ ಮರ?" ಎಷ್ಟು ತೂಕ ಅಂತ ಒಬ್ಬರೂ ಕೇಳಲಿಲ್ಲ. ಯಾವಾಗ ಕೊಯ್ದದ್ದು ಅಂತಲೂ ಕೇಳಲಿಲ್ಲ. ತಪ್ಪು ಅಂತ ಹೇಳುತ್ತಿಲ್ಲ. ನಾನೂ ಬಹಳ ವರ್ಷ ಸಾಮಿಲ್‌ಗೆ ಹೋಗಿ ಮರದ ಹೆಸರನ್ನೇ ಕೇಳುತ್ತಿದ್ದೆ. ಹೆಸರಿಗೆ ದುಡ್ಡು ಕೊಟ್ಟು, ಒದ್ದೆ ಹಲಗೆ ಹೊತ್ತುಕೊಂಡು ಮನೆಗೆ ಬರುತ್ತಿದ್ದೆ.

ಬೇಸ್ ಗಿಟಾರ್ ಅಂದರೆ ಹಾಡಿನ ತಗ್ಗು ಸ್ವರ ನುಡಿಸುವ, ದಪ್ಪ ತಂತಿಯ ಗಿಟಾರ್. ಮರದ ಹೆಸರು ಅಷ್ಟು ಮುಖ್ಯವಾ ಅನ್ನುವುದಕ್ಕೆ ಅದು ಹುಟ್ಟಿದ ಕಥೆಯಲ್ಲೇ ಉತ್ತರ ಇದೆ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ 'ಪ್ರಿಸಿಷನ್ ಬೇಸ್' ಅಂತ ಒಂದು ವಾದ್ಯ ಹೊರಗೆ ತಂದರು. ಅವರೇನು ಪಿಟೀಲು ಮಾಡುವ ಮನೆತನದವರಲ್ಲ. ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಆಗ ಬೇಸ್ ನುಡಿಸುವವರು ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗಬೇಕಿತ್ತು. ಅದಕ್ಕೆ ಫ್ರೆಟ್ ಇಲ್ಲ, ಅಂದರೆ ಸ್ವರದ ಜಾಗ ಗುರುತಿಸುವ ಅಡ್ಡ ಲೋಹದ ಪಟ್ಟಿ ಇಲ್ಲ. ಕೈ ಸ್ವಲ್ಪ ಜಾರಿದರೆ ಸ್ವರ ಜಾರಿತು. ಫೆಂಡರ್ ಅದನ್ನು ಕೊರಳಿಗೆ ಹಾಕಿಕೊಳ್ಳುವ ಹಾಗೆ ಚಪ್ಪಟೆ ಮಾಡಿದರು, ಫ್ರೆಟ್ ಹೊಡೆದರು. ಸ್ವರ ನಿಖರವಾಗಿ ಬೀಳುತ್ತದೆ ಅನ್ನುವುದಕ್ಕೇ ಆ ಹೆಸರು. ಬಾಡಿ, ಅಂದರೆ ಗಿಟಾರಿನ ಒಡಲಿಗೆ, ಮೊದಲು ಆಶ್ ಮರ, ಆಮೇಲೆ ಆಲ್ಡರ್. ನೆಕ್, ಅಂದರೆ ಎಡಗೈ ಹಿಡಿಯುವ ಉದ್ದ ದಂಡಿಗೆ, ಮೇಪಲ್. ಅವರ ಕಡೆ ಸುಲಭವಾಗಿ ಸಿಗುತ್ತಿದ್ದ ಮರಗಳು ಅವು. ಎಪ್ಪತ್ತು ವರ್ಷದ ಮೇಲೆ ನಾವು ತುಮಕೂರಿನಲ್ಲಿ ಕೂತು, ಆಶ್ ಇಲ್ಲದಿದ್ದರೆ ಬೇಸ್ ಆಗಲ್ಲ ಅಂತ ಕೊರಗುತ್ತೇವೆ. ಆ ಮನುಷ್ಯ ಗುಬ್ಬಿಯಲ್ಲಿ ಹುಟ್ಟಿದ್ದಿದ್ದರೆ ಹಲಸಿನಲ್ಲಿ ಮಾಡುತ್ತಿದ್ದರು, ಅಲ್ವಾ?

ಮರ ಎಲ್ಲಿಂದ ಬಂತು ಅನ್ನುವುದು ಆಮೇಲೆ. ಅದು ಏನು ಕೆಲಸ ಮಾಡಬೇಕು ಅನ್ನುವುದು ಮೊದಲು. ವೀಣೆಯಲ್ಲಿ ಮರವೇ ಹಾಡುತ್ತದೆ. ತಂತಿ ಮೀಟಿದರೆ ಕುದುರೆ ನಡುಗುತ್ತದೆ, ಕೊಡ ನಡುಗುತ್ತದೆ, ಗಾಳಿ ನಡುಗುತ್ತದೆ. ಎಲೆಕ್ಟ್ರಿಕ್ ಬೇಸ್‌ನಲ್ಲಿ ಹಾಗಲ್ಲ. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸುತ್ತಿದ ಕೂದಲಿನಂಥ ತಾಮ್ರದ ತಂತಿ. ಮೇಲಿರುವ ಉಕ್ಕಿನ ತಂತಿ ಅಲ್ಲಾಡಿದರೆ ಅದರಲ್ಲಿ ಕರೆಂಟ್ ಹುಟ್ಟುತ್ತದೆ. ಅದು ಮರದ ದನಿ ಕೇಳಿಸಿಕೊಳ್ಳುವುದಿಲ್ಲ, ತಂತಿ ಅಲ್ಲಾಡುವುದನ್ನು ಮಾತ್ರ ನೋಡುತ್ತದೆ. ಹಾಗಾದರೆ ಮರ ಯಾವುದಾದರೂ ನಡೆಯುತ್ತದೆ ಅಂತ ಒಂದು ಪಂಗಡ ಹೇಳುತ್ತದೆ. ಮರವೇ ಸರ್ವಸ್ವ ಅಂತ ಇನ್ನೊಂದು ಪಂಗಡ. ಈ ಜಗಳ ನನಗೆ ಸಾಕಾಗಿದೆ. ನಾನು ಕಂಡದ್ದು ಇಷ್ಟು: ಬಾಡಿಯ ಮರದಿಂದ ದನಿಯಲ್ಲಿ ಬರುವ ವ್ಯತ್ಯಾಸ ಸಣ್ಣದು. ನೆಕ್‌ನಿಂದ ಬರುವುದು ದೊಡ್ಡದು. ಅದು ಇಂಪಿನ ವಿಚಾರವಲ್ಲ, ಬಿಗಿತದ ವಿಚಾರ.

(ಇಲ್ಲಿ ಒಂದು ಬೇಸ್ ಎತ್ತಿಕೊಂಡು ನುಡಿಸಿ ತೋರಿಸಿದೆ.)

ಕೇಳಿ. ಇದು ಜಿ ತಂತಿ, ಎಲ್ಲಕ್ಕಿಂತ ತೆಳ್ಳಗಿನದು. ಮೂರನೇ ಫ್ರೆಟ್‌ನಲ್ಲಿ ನುಡಿಸಿದೆ. ಸ್ವರ ನಿಂತಿತು. ಈಗ ಆರನೇ ಫ್ರೆಟ್. ಸತ್ತೇ ಹೋಯಿತು ನೋಡಿ. 'ಡೆಡ್ ಸ್ಪಾಟ್' ಅನ್ನುತ್ತಾರೆ. ಜಿ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ ಆಸುಪಾಸಿನಲ್ಲಿ ಎಷ್ಟೋ ಬೇಸ್‌ಗಳಿಗೆ ಈ ಕಾಯಿಲೆ ಇದೆ, ದುಬಾರಿ ಕಂಪನಿಯವಕ್ಕೂ. ಯಾಕೆ? ನೆಕ್‌ಗೂ ತನ್ನದೇ ಒಂದು ನಡುಕ ಇರುತ್ತದೆ. ತಂತಿಯ ಸ್ವರ ಆ ನಡುಕಕ್ಕೆ ಸರಿಹೊಂದಿದಾಗ, ನೆಕ್ ತಂತಿಯ ಶಕ್ತಿಯನ್ನು ಕುಡಿದುಬಿಡುತ್ತದೆ. ಈಗ ಈ ಸಣ್ಣ ಕ್ಲಾಂಪನ್ನು ನೆಕ್ ತುದಿಯ ಹೆಡ್‌ಗೆ ಬಿಗಿಯುತ್ತೇನೆ. ಮತ್ತೆ ಆರನೇ ಫ್ರೆಟ್. ಬಂತು ನೋಡಿ. ತುದಿಯಲ್ಲಿ ಭಾರ ಜಾಸ್ತಿಯಾದ್ದರಿಂದ ನೆಕ್‌ನ ನಡುಕ ನಿಧಾನವಾಯಿತು. ಸತ್ತ ಜಾಗ ಕೆಳಕ್ಕೆ ಸರಿಯಿತು. ಮಾಯವಾಗಿಲ್ಲ, ಸರಿದಿದೆ ಅಷ್ಟೇ. ಪಿಕಪ್ ಬದಲಾಯಿಸಿದರೆ ಇದು ಹೋಗಲ್ಲ. ಬಾಡಿಗೆ ಚಿನ್ನದ ಹಲಗೆ ಹಾಕಿದರೂ ಹೋಗಲ್ಲ.

ಅದಕ್ಕೇ ನಾನು ಆಯ್ಕೆಯನ್ನು ನೆಕ್‌ನಿಂದ ಶುರು ಮಾಡುತ್ತೇನೆ. ನಾಲ್ಕು ತಂತಿ ಸೇರಿ ನೆಕ್ ಮೇಲೆ ಸುಮಾರು 70-80 ಕಿಲೋ ಎಳೆತ ಇರುತ್ತದೆ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಜೋತುಬಿದ್ದ ಹಾಗೆ. ನೆಕ್‌ನ ದಪ್ಪ ಎಷ್ಟು? ಮೊದಲ ಫ್ರೆಟ್ ಹತ್ತಿರ 22 ಮಿಲಿಮೀಟರ್ ಇದ್ದರೆ ಹೆಚ್ಚು. ತಂತಿ ನಡುಗುವ ಉದ್ದ 34 ಇಂಚು.

ನನ್ನ ಮೊದಲ ಬೇಸ್‌ನ ಕಥೆ ಹೇಳಿಬಿಡುತ್ತೇನೆ. ದೊಡ್ಡಬಳ್ಳಾಪುರ ಕಡೆ ಸಿಂಪಾಡಿಪುರ ಅಂತ ಊರಿದೆ. ವೀಣೆ ಮಾಡುವವರ ಊರು. ಅವರು ಹಲಸಿನ ಮರದಲ್ಲಿ ಮಾಡುತ್ತಾರೆ ಅಂತ ಕೇಳಿದ್ದೆ. ವೀಣೆಗೆ ಆಗುವುದು ನನ್ನ ನೆಕ್‌ಗೆ ಯಾಕಾಗಲ್ಲ ಅಂತ ಒಂದೇ ತುಂಡು ಹಲಸಿನಲ್ಲಿ ನೆಕ್ ಕಡೆದೆ. ಯುಗಾದಿ ಹೊತ್ತಿಗೆ ಮುಗಿಯಿತು. ಬಂಗಾರದ ಬಣ್ಣ, ಬೆಣ್ಣೆಯಂಥ ಮೈ. ಶಿರಾ ಕಡೆಯ ಒಬ್ಬ ಆರ್ಕೆಸ್ಟ್ರಾ ಹುಡುಗ ಖುಷಿಯಾಗಿ ತೆಗೆದುಕೊಂಡು ಹೋದ. ದಸರಾ ಹೊತ್ತಿಗೆ ವಾಪಸ್ ತಂದ. ತಂತಿಗೂ ಫ್ರೆಟ್‌ಗೂ ನಡುವೆ ಬೆರಳು ತೂರುತ್ತಿತ್ತು. "ಅಣ್ಣಾ, ಇದು ಬೇಸಾ, ಬಿಲ್ಲಾ?" ಅಂದ. ದುಡ್ಡು ವಾಪಸ್ ಕೊಟ್ಟೆ.

ತಪ್ಪು ಹಲಸಿನದಲ್ಲ. ವೀಣೆಯ ದಂಡಿ ತೋಳಿನಷ್ಟು ದಪ್ಪ, ಅದರ ತಂತಿಗಳು ತೆಳ್ಳಗಿನವು. ನಾನು ಅದೇ ಮರವನ್ನು ಎರಡು ಬೆರಳು ದಪ್ಪಕ್ಕೆ ಇಳಿಸಿ, ಇನ್ನೂ ಜಾಸ್ತಿ ಎಳೆತ ಹೊರುವ ಕೆಲಸ ಹೇಳಿದ್ದೆ. ಜೊತೆಗೆ ಹಲಗೆ ಪೂರ್ತಿ ಒಣಗಿರಲಿಲ್ಲ. ಎಳೆಯೂ ಅಡ್ಡಾದಿಡ್ಡಿ ಇತ್ತು.

ಹಾಗಾದರೆ ನೆಕ್‌ಗೆ ಏನು ನೋಡಬೇಕು? ಎಳೆ ನೇರವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಬೇಕು. ಗಂಟು ಇರಬಾರದು. ಹಲಗೆಯ ತಲೆ ಕಡೆಯಿಂದ ನೋಡಿದರೆ ಉಂಗುರದ ಗೆರೆಗಳು ಆದಷ್ಟು ಲಂಬವಾಗಿ ನಿಂತಿರಬೇಕು. ಅಡ್ಡ ಮಲಗಿದ್ದರೆ ಮಳೆಗಾಲ ಬೇಸಿಗೆಗೆ ಹಲಗೆ ಬಾಗುವುದು ಜಾಸ್ತಿ. ಸಾಮಿಲ್‌ನವರು ಲಂಬ ಗೆರೆಯ ಹಲಗೆಯನ್ನು ಬೇಕಂತ ಕೊಯ್ಯುವುದು ಕಡಿಮೆ, ಮರ ಜಾಸ್ತಿ ವ್ಯರ್ಥವಾಗುತ್ತದೆ ಅಂತ. ಆದರೆ ದಿಮ್ಮಿಯ ನಡುವಿನಿಂದ ಬಂದ ಒಂದೆರಡು ಹಲಗೆ ಹಾಗೇ ಇರುತ್ತವೆ. ರಾಶಿಯಲ್ಲಿ ಹುಡುಕಿ. ನಾನು ಅರ್ಧ ದಿನ ಹುಡುಕುತ್ತೇನೆ. ಟೀ ಕುಡಿಸಿದರೆ ಅವರೇನೂ ಬೈಯಲ್ಲ.

ಬಿಗಿತ ಅಳೆಯಲು ನನ್ನದೊಂದು ಹಳ್ಳಿ ವಿಧಾನ ಇದೆ. ಎರಡು ಇಟ್ಟಿಗೆಯ ಮೇಲೆ ಪಟ್ಟಿ ಇಡಿ. ನಡುವೆ ಹತ್ತು ಕಿಲೋ ಅಕ್ಕಿ ಚೀಲ ತೂಗುಹಾಕಿ. ಎಷ್ಟು ಬಗ್ಗಿತು ಅಂತ ಸ್ಕೇಲ್‌ನಲ್ಲಿ ನೋಡಿ. ಒಂದೇ ಅಳತೆಯ ಪಟ್ಟಿಗಳನ್ನು ಒಂದಾದ ಮೇಲೊಂದು ಹೀಗೆ ನೋಡಿದರೆ, ಒಂದೇ ಮರದಿಂದ ಬಂದ ಎರಡು ಪಟ್ಟಿಯಲ್ಲೂ ವ್ಯತ್ಯಾಸ ಕಾಣುತ್ತದೆ. ಹೆಸರು ಒಂದೇ, ಹಲಗೆ ಬೇರೆ. ನಾನು ಹೇಳಬೇಕಾದ್ದೆಲ್ಲ ಆ ಅಕ್ಕಿ ಚೀಲದಲ್ಲೇ ಇದೆ ಅಂತ ಇಟ್ಟುಕೊಳ್ಳಿ.

ಈಗ ನಾನು ನೆಕ್‌ಗೆ ಒಂದೇ ತುಂಡು ಹಾಕುವುದಿಲ್ಲ. ಮೂರು ಅಥವಾ ಐದು ಪಟ್ಟಿ ಅಂಟಿಸುತ್ತೇನೆ. ಬೆಂಗಳೂರಿನಲ್ಲಿ ಆಮದು ಮೇಪಲ್ ಸಿಕ್ಕರೆ ಮೇಪಲ್, ನಡುವೆ ಬೀಟೆಯ ಸಣ್ಣ ಪಟ್ಟಿ. ಮೇಪಲ್ ಸಿಗದಿದ್ದರೆ ಹಳೇ ತೇಗ ಮತ್ತು ಬೀಟೆ. ಪಕ್ಕದ ಪಟ್ಟಿಗಳ ಎಳೆ ಎದುರುಬದುರು ಇರಬೇಕು. ಒಂದು ಎಡಕ್ಕೆ ತಿರುಚಿಕೊಳ್ಳಲು ಹೋದರೆ ಇನ್ನೊಂದು ತಡೆಯುತ್ತದೆ. ತೇಗದಲ್ಲಿ ಎಣ್ಣೆ ಅಂಶ ಇದೆ. ಅಂಟು ಹಚ್ಚುವ ಮುಂಚೆ ಅಸಿಟೋನ್‌ನಲ್ಲಿ ಒರೆಸಿ, ಆಗಲೇ ಅಂಟಿಸಿ. ನಾಳೆ ಅಂಟಿಸುತ್ತೇನೆ ಅಂದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ನೆಕ್ ಒಳಗೆ ಟ್ರಸ್ ರಾಡ್, ಬಾಗು ಸರಿಪಡಿಸುವ ಲೋಹದ ಸಲಾಕೆ. ನೆಕ್‌ನ ಬೆನ್ನುಮೂಳೆ ಅದು. ಎರಡೂ ಕಡೆಗೆ ಬಾಗಿಸಬಲ್ಲ ಡಬಲ್ ಆಕ್ಷನ್ ರಾಡನ್ನೇ ಹಾಕಿ. ನಮ್ಮ ಮರಗಳು ಯಾವ ಕಡೆ ಬಾಗುತ್ತವೆ ಅಂತ ಮೊದಲೇ ಹೇಳುವುದು ಕಷ್ಟ. ಇಲ್ಲಿ ದುಡ್ಡು ಉಳಿಸಬೇಡಿ. ಬೇರೆ ಯಾವ ಭಾಗ ಕೆಟ್ಟರೂ ಬಿಚ್ಚಿ ಬದಲಾಯಿಸಬಹುದು. ರಾಡ್ ಕೆಟ್ಟರೆ ಫ್ರೆಟ್ ಕೂರುವ ಮೇಲಿನ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್ ಕಿತ್ತು ತೆಗೆಯಬೇಕು. ತಿರುಗಿಸುವಾಗ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಆಮೇಲೆ ಬಿಟ್ಟು ನೋಡಿ. ಆರ್ಕೆಸ್ಟ್ರಾದವರೇ, ಮುಖ್ಯವಾಗಿ ನಿಮಗೆ ಹೇಳುತ್ತಿದ್ದೇನೆ. ಸ್ಟೇಜ್ ಹಿಂದೆ ಸೈಕಲ್ ಅಂಗಡಿ ಅಲೆನ್ ಕೀ ಹಾಕಿ ಗರಗರ ತಿರುಗಿಸಬೇಡಿ.

ಒಣಗಿಸುವುದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಜಾಸ್ತಿ ವಾದ್ಯ ಹಾಳಾಗುವುದು ಇಲ್ಲೇ. ಮರಗೆಲಸದವರಿಗೆ ಲೆಕ್ಕ ಗೊತ್ತು: ನೆರಳಲ್ಲಿ ಗಾಳಿಗೆ ಒಣಗಿಸಿದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ. ಹಲಗೆಗಳ ನಡುವೆ ಒಂದೇ ಅಳತೆಯ ಕಡ್ಡಿ ಕೊಟ್ಟು ಜೋಡಿಸಿ. ತುದಿಗಳಿಗೆ ಬಣ್ಣ ಅಥವಾ ಮೇಣ ಬಳಿಯಿರಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ತೇವಾಂಶದ ಮೀಟರ್ ಇದ್ದರೆ ಹತ್ತು ಪರ್ಸೆಂಟ್ ಆಸುಪಾಸಿಗೆ ಬಂದಿದೆಯಾ ನೋಡಿ. ಮೀಟರ್ ಇಲ್ಲವಾ? ತರಕಾರಿ ಅಂಗಡಿಯ ತಕ್ಕಡಿ ಸಾಕು. ತಿಂಗಳಿಗೊಮ್ಮೆ ತೂಗಿ, ಹಲಗೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ತೂಕ ಇಳಿಯುವುದು ನಿಂತಾಗ ಒಣಗಿದೆ ಅಂತ. ಈ ಮೇಜಿನ ಮೇಲಿನ ಹಲಗೆಗಳ ಹಿಂಬದಿ ತಿರುಗಿಸಿ ನೋಡಿ, ಎಲ್ಲದರ ಮೇಲೂ ಲೆಕ್ಕ ಇದೆ. ಹೆಸರಿಲ್ಲ, ತೂಕ ಇದೆ.

ಪೂರ್ತಿ ಒಣಗಿದ ಮೇಲೂ ಮರ ಸುಮ್ಮನಿರಲ್ಲ. ನಮ್ಮ ಊರಿನ ಮಾರ್ಚ್-ಏಪ್ರಿಲ್ ಒಣ ಗಾಳಿಗೆ ಫಿಂಗರ್‌ಬೋರ್ಡ್ ಅಗಲದಲ್ಲಿ ಕುಗ್ಗುತ್ತದೆ. ಫ್ರೆಟ್ ಲೋಹ, ಅದು ಕುಗ್ಗಲ್ಲ. ಆಗ ಫ್ರೆಟ್ ತುದಿಗಳು ಹೊರಗೆ ಬಂದು ಕೈಗೆ ಗರಗಸದ ಹಾಗೆ ಚುಚ್ಚುತ್ತವೆ. ಗಿರಾಕಿಗಳು ಫ್ರೆಟ್ ಬೆಳೆದಿದೆ ಅನ್ನುತ್ತಾರೆ. ಬೆಳೆದಿಲ್ಲ ಸ್ವಾಮಿ, ಮರ ಸೊರಗಿದೆ.

ಹಳೇ ಮನೆಯ ಮರ ಒಳ್ಳೆಯದು. ಕೆಡವಿದ ತೊಟ್ಟಿಮನೆಯ ತೊಲೆ, ಬಾಗಿಲು, ಜಂತೆ ಸಿಕ್ಕರೆ ಬಿಡಬೇಡಿ. ಹತ್ತಾರು ವರ್ಷ ಒಣಗಿ ಕೂತಿರುತ್ತದೆ. ಆದರೆ ಮೊದಲು ಅಯಸ್ಕಾಂತ ಹಿಡಿದು ಇಡೀ ಮೈ ಸವರಿ. ಯಾವ ಅಜ್ಜ ಯಾವ ಕಾಲದಲ್ಲಿ ಕ್ಯಾಲೆಂಡರ್ ನೇತುಹಾಕಲು ಮೊಳೆ ಹೊಡೆದಿದ್ದನೋ. ನನ್ನ ಪ್ಲೇನರ್ ಬ್ಲೇಡ್ ಎರಡು ಸಲ ಹಾಗೆ ಹೋಗಿದೆ.

ಈಗ ಬಾಡಿಗೆ ಬರೋಣ. ಇಲ್ಲಿ ನಮ್ಮ ಮರಗಳಿಗೆ ನಿಜವಾಗಿಯೂ ಜಾಗ ಇದೆ. ಒಂದು ಸುಲಭ ಲೆಕ್ಕ ಹೇಳುತ್ತೇನೆ. ಮಾಮೂಲಿ ಅಳತೆಯ ಬೇಸ್ ಬಾಡಿ ನಾಲ್ಕೂವರೆ ಲೀಟರ್ ಜಾಗ ತುಂಬುತ್ತದೆ ಅಂದುಕೊಳ್ಳಿ. ಒಂದು ಲೀಟರ್ ನೀರು ಒಂದು ಕಿಲೋ. ಒಣಗಿದ ಹಲಸು ಅಷ್ಟೇ ಜಾಗಕ್ಕೆ ಸುಮಾರು 600 ಗ್ರಾಂ ತೂಗುತ್ತದೆ. ತೇಗ ಅದಕ್ಕಿಂತ ಸ್ವಲ್ಪ ಜಾಸ್ತಿ. ಬೀಟೆ 850 ಗ್ರಾಂ ಹತ್ತಿರ. ಹುಣಸೆ 900 ಮೇಲೆ. ಹೆಬ್ಬೇವು ನನ್ನ ಹಲಗೆಗಳಲ್ಲಿ 400 ಗ್ರಾಂ ಆಸುಪಾಸು. ಗುಣಿಸಿ ನೋಡಿ. ಹಲಸಿನ ಬಾಡಿ ಎರಡೂ ಮುಕ್ಕಾಲು ಕಿಲೋ. ಬೀಟೆಯದು ನಾಲ್ಕಕ್ಕೆ ಹತ್ತಿರ. ಹುಣಸೆ ನಾಲ್ಕು ದಾಟುತ್ತದೆ. ಇದರ ಮೇಲೆ ನೆಕ್ ಒಂದು ಕಿಲೋ, ಲೋಹದ ಸಾಮಾನು ಇನ್ನೊಂದು ಕಿಲೋ ಸೇರಿಸಿ. ಗಣೇಶನ ಹಬ್ಬದಲ್ಲಿ ರಾತ್ರಿ ಎಂಟರಿಂದ ಒಂದರವರೆಗೆ ಭುಜದ ಮೇಲೆ ಆರು ಕಿಲೋ ಹೊತ್ತು ನಿಲ್ಲುವವರು ಯಾರು? ಪೂರ್ತಿ ಬೀಟೆ ಬಾಡಿ ಮಾಡಿಕೊಡಿ ಅಂತ ಬರುವವರಿಗೆ ಈ ಲೆಕ್ಕ ಹಾಕಿ ತೋರಿಸುತ್ತೇನೆ. ಮುಕ್ಕಾಲು ಜನ ಮನಸ್ಸು ಬದಲಾಯಿಸುತ್ತಾರೆ.

ಬೀಟೆಗೆ ಕಾನೂನಿನ ಮಾತೂ ಇದೆ. ಬಿಲ್, ಪರವಾನಗಿ ಇಲ್ಲದ ಬೀಟೆ ಮುಟ್ಟಬೇಡಿ, ಎಷ್ಟೇ ಸೋವಿಗೆ ಬಂದರೂ. ಹೊರದೇಶಕ್ಕೆ ಕಳಿಸುವುದಾದರೆ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಇದೆ. 2017ರ ಜನವರಿಯಲ್ಲಿ ಇಡೀ ಬೀಟೆ ಕುಲವನ್ನೇ ಅದರ ಪಟ್ಟಿಗೆ ಸೇರಿಸಿದರು. ಗಿಟಾರ್ ಮಾಡುವವರೆಲ್ಲ ಪರದಾಡಿದರು. 2019ರ ಕೊನೆಯಲ್ಲಿ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಹಲಗೆಗೆ ಕೊಟ್ಟಿಲ್ಲ. ಬ್ರೆಜಿಲ್ ಬೀಟೆಯ ಕಥೆ ಇನ್ನೂ ಬಿಗಿ, ಅದು 1992ರಿಂದಲೇ ಮೊದಲ ಪಟ್ಟಿಯಲ್ಲಿದೆ.

ಹಲಸಿಗೆ ಬಂದರೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ಗುಬ್ಬಿ ತಾಲ್ಲೂಕಿನ ಚೇಳೂರು ನಿಮಗೆ ಗೊತ್ತು. ಸಿದ್ದು ಹಲಸಿನ ಊರು. ಆ ಕೆಂಪು ತೊಳೆಯ ಹಣ್ಣು ತಿಂದವರು ಮರ ಕಡಿಯುವ ಮಾತೇ ಆಡಲ್ಲ. ಆಡಲೂಬಾರದು. ನನಗೆ ಬೇಕಾಗಿರುವುದು ಗಾಳಿಗೆ ಬಿದ್ದದ್ದು, ಫಲ ನಿಂತದ್ದು, ರಸ್ತೆ ಅಗಲ ಮಾಡುವಾಗ ಹೋದದ್ದು. ಚೇಗು ಮಾತ್ರ ತೆಗೆದುಕೊಳ್ಳಿ, ಹೊರಗಿನ ಬಿಳಿ ಭಾಗ ಬೇಡ. ಅದಕ್ಕೆ ಹುಳ ಬೀಳುತ್ತದೆ. ಚೇಗಿಗೆ ಗೆದ್ದಲೂ ಸುಲಭಕ್ಕೆ ಹತ್ತಲ್ಲ. ಹೊಸದರಲ್ಲಿ ಅರಿಶಿನದ ಬಣ್ಣ, ವರ್ಷ ಕಳೆದಂತೆ ಜೇನಿನ ಬಣ್ಣ, ಆಮೇಲೆ ಕಂದು. ಗಿರಾಕಿಗೆ ಇದನ್ನು ಮೊದಲೇ ಹೇಳಿ. ನನ್ನ ಹಳದಿ ಬೇಸ್ ಯಾಕೆ ಕಪ್ಪಗಾಯಿತು ಅಂತ ಫೋನ್ ಬರುತ್ತದೆ.

ಹೆಬ್ಬೇವಿನ ಮೇಲೆ ನನಗೆ ಬಹಳ ಆಸೆ ಇತ್ತು. ನಮ್ಮ ಜಿಲ್ಲೆಯಲ್ಲಿ ರೈತರು ಬದುವಿನ ಮೇಲೆ, ಹೊಲದ ತುಂಬ ಹಾಕಿದ್ದಾರೆ. ಬೇಗ ಬೆಳೆಯುತ್ತದೆ, ಹಗುರ, ಸುಲಭವಾಗಿ ಸಿಗುತ್ತದೆ. ಒಂದು ಬಾಡಿ ಮಾಡಿದೆ. ಎರಡು ಕಿಲೋ ಕೂಡ ಇಲ್ಲ! ಕುಣಿದಾಡಿಬಿಟ್ಟೆ. ಮಾಮೂಲಿ ಮೇಪಲ್ ನೆಕ್ ಹಾಕಿದೆ, ಹೆಡ್ ಮೇಲೆ ತಂತಿ ಬಿಗಿಯುವ ಮಾಮೂಲಿ ಕೀಗಳು, ಬಾಡಿ ಮೇಲೆ ತಂತಿ ಹಿಡಿಯುವ ಮಾಮೂಲಿ ಬ್ರಿಡ್ಜ್. ಒಂದು ಹಳ್ಳಿಯ ಗಣೇಶನ ಸ್ಟೇಜ್ ಮೇಲೆ ನಾನೇ ನುಡಿಸುತ್ತಿದ್ದೆ. ಎರಡು ತೊಂದರೆ ಒಟ್ಟಿಗೆ ಬಂದವು. ಒಂದು, ಕೈ ಬಿಟ್ಟರೆ ಹೆಡ್ ನೆಲಕ್ಕೆ ಬೀಳುತ್ತಿತ್ತು, ತಕ್ಕಡಿಯ ಒಂದು ತಟ್ಟೆ ಕೂತ ಹಾಗೆ. ಎಡಗೈ ನುಡಿಸಬೇಕೋ ಹಿಡಿದುಕೊಳ್ಳಬೇಕೋ? ಎರಡನೆಯದು ನಾಲ್ಕನೇ ಹಾಡಿನಲ್ಲಿ. ಟಕ್ ಅಂತ ಸದ್ದು. ಶ್ರುತಿ ಪೂರ್ತಿ ಇಳಿಯಿತು. ನೋಡಿದರೆ ಬ್ರಿಡ್ಜ್‌ನ ಹಿಂದಿನ ಸ್ಕ್ರೂಗಳು ಮೃದು ಮರದಿಂದ ಕಿತ್ತು ಮೇಲೆದ್ದಿವೆ. ಕೀಬೋರ್ಡ್‌ನವನು ಎಡಗೈಯಲ್ಲಿ ಬೇಸ್ ನುಡಿಸಿ ಕಾರ್ಯಕ್ರಮ ಮುಗಿಸಿದ. ಸೌಂಡ್ ಸಿಸ್ಟಮ್‌ನವನು ಇವತ್ತಿಗೂ ಆಡಿಕೊಳ್ಳುತ್ತಾನೆ.

ಆ ರಾತ್ರಿ ಅರ್ಥವಾಯಿತು. ಮರವನ್ನು ಒಂದು ಕಡೆ, ಲೋಹವನ್ನು ಒಂದು ಕಡೆ ಬೇರೆಬೇರೆಯಾಗಿ ಆರಿಸುವ ಹಾಗಿಲ್ಲ. ಹೆಣ್ಣು ಗಂಡು ನೋಡಿದ ಹಾಗೆ, ಜೋಡಿ ನೋಡಬೇಕು.

ಅದೇ ಹೆಬ್ಬೇವಿನ ಬಾಡಿಯನ್ನು ಎಸೆಯಲಿಲ್ಲ. ಬ್ರಿಡ್ಜ್ ಕೂರುವ ಜಾಗದಲ್ಲಿ ಕೊರೆದು ಹುಣಸೆ ತುಂಡೊಂದನ್ನು ಅಂಟಿಸಿದೆ. ಸ್ಕ್ರೂ ಈಗ ಹುಣಸೆಯನ್ನು ಕಚ್ಚಿಕೊಂಡಿದೆ. ನೆಕ್ ಕೂರಿಸುವ ಕಡೆ ಮರದ ಸ್ಕ್ರೂ ಬಿಟ್ಟು, ನೆಕ್ ಒಳಗೆ ಲೋಹದ ಬುಷ್ ಹಾಕಿ ಬೋಲ್ಟ್ ಬಿಗಿದೆ. ಆಮೇಲೆ ಕೀಗಳು. ಹಳೇ ಮಾದರಿಯ ದೊಡ್ಡ ಬೇಸ್ ಕೀ ಒಂದೊಂದು ನೂರು ಗ್ರಾಂ ಮೇಲೆ ತೂಗುತ್ತದೆ. ಹಿಪ್‌ಶಾಟ್‌ನಂಥ ಕಂಪನಿಯವರು ಮಾಡುವ ಹಗುರದ ಕೀ 60 ಗ್ರಾಂ ಆಸುಪಾಸು. ನಾಲ್ಕು ಕೀಯಲ್ಲಿ ನೂರೈವತ್ತು ಗ್ರಾಂ ಉಳಿಯಿತು. ಅಷ್ಟೇನಾ ಅನ್ನಬೇಡಿ. ಅದು ತಕ್ಕಡಿಯ ತುತ್ತತುದಿಯಲ್ಲಿ ಕೂತ ತೂಕ. ಬಾಡಿ ಕಡೆಯ ಅರ್ಧ ಕಿಲೋಗೆ ಸಮ. ಕೊನೆಗೆ ಬ್ರಿಡ್ಜ್: ಬಗ್ಗಿಸಿದ ತಗಡಿನದನ್ನು ತೆಗೆದು ದಪ್ಪ ಹಿತ್ತಾಳೆಯದು ಹಾಕಿದೆ. ಹೆಡ್ ಬೀಳುವುದು ನಿಂತಿತು. ಆ ಬೇಸ್ ಈಗಲೂ ನುಡಿಯುತ್ತಿದೆ.

ಹಿತ್ತಾಳೆ ಬ್ರಿಡ್ಜ್ ಹಾಕಿದರೆ ದನಿ ಹೆಚ್ಚು ಹೊತ್ತು ನಿಲ್ಲುತ್ತದೆ ಅಂತ ಮಾರುವವರು ಹೇಳುತ್ತಾರೆ. ಇರಬಹುದು, ನನ್ನ ಕಿವಿಗೆ ಅದು ಸಣ್ಣ ವ್ಯತ್ಯಾಸ. ನಾನು ಅದನ್ನು ಆರಿಸುವುದು ತೂಕಕ್ಕೆ. ಹಲಸಿನಂಥ ನಡು ತೂಕದ ಬಾಡಿಗೆ ಅದು ಬೇಡವೇ ಬೇಡ, ತಗಡಿನ ಬ್ರಿಡ್ಜ್ ಸಾಕು. ಫೆಂಡರ್ 1951ರಿಂದ ಬಗ್ಗಿಸಿದ ತಗಡಿನಲ್ಲೇ ನಡೆಸಿದರು. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಸೋವಿ ಬ್ರಿಡ್ಜ್‌ಗಳು ಮಾತ್ರ ಬೇಡ. ನೋಡಲು ದಪ್ಪ, ಹೊಳಪು. ಎರಡು ವರ್ಷದಲ್ಲಿ ಒಳಗಿನ ಸ್ಕ್ರೂ ಮರೆ ಸವೆದು ಹೋಗುತ್ತದೆ.

ನಮ್ಮೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ಅಲ್ಲಿ ದುಡಿದ ಒಬ್ಬ ಹಿರಿಯರು ಮನೆಯ ಹಿಂದೆ ಸಣ್ಣ ಲೇತ್ ಇಟ್ಟುಕೊಂಡಿದ್ದರು. ನಾನು ಅವರ ಹತ್ತಿರ ಹಿತ್ತಾಳೆಯ ಸ್ಯಾಡಲ್ ಮಾಡಿಸಲು ಹೋದೆ. ತಂತಿ ಕೂರುವ ಸಣ್ಣ ಕುದುರೆ ಅದು, ತಂತಿಗೊಂದು. "ಅಳತೆ ಹೇಳು" ಅಂದರು. "ಒಂದು ಹತ್ತು ಮಿಲಿಮೀಟರ್ ಇರಲಿ ಸರ್" ಅಂದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಒಂದು ಹತ್ತು ಅಂದರೆ ಹತ್ತೋ, ಹತ್ತೂ ಕಾಲೋ? ನಾವು ಮಿಲಿಮೀಟರನ್ನು ನೂರು ಭಾಗ ಮಾಡಿ ಮಾತಾಡಿದವರು" ಅಂದರು. ಅವತ್ತಿನಿಂದ ನನ್ನ ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇದೆ. ಬಿಡಿಭಾಗ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಅಂಕಿ ನಂಬಬೇಡಿ. ತಂತಿಯಿಂದ ತಂತಿಗೆ 19 ಮಿಲಿಮೀಟರ್ ಅಂತ ಬರೆದಿರುತ್ತದೆ, ಅಳೆದರೆ 18 ಇರುತ್ತದೆ. ನೀವು ನೆಕ್ ಅಗಲವನ್ನು 19ಕ್ಕೆ ಕಡೆದಿದ್ದರೆ ಎರಡು ಪಕ್ಕದ ತಂತಿಯೂ ಒಳಕ್ಕೆ ಸರಿಯುತ್ತದೆ. ಅದಕ್ಕೇ ಮೊದಲು ಬ್ರಿಡ್ಜ್ ಕೈಗೆ ಬರಲಿ, ಆಮೇಲೆ ನೆಕ್ ಕೊಯ್ಯಿರಿ. ಕೀಗಳೂ ಹಾಗೇ. ಕೀ ನೋಡದೆ ಹೆಡ್‌ಗೆ ತೂತು ಕೊರೆಯಬೇಡಿ.

ಫಿಂಗರ್‌ಬೋರ್ಡ್‌ಗೆ ನಮ್ಮ ಜಿಲ್ಲೆಯ ಉಡುಗೊರೆ ಅಂದರೆ ಹುಣಸೆ. ಬಾಡಿಗೆ ಬೇಡ ಅಂದೆನಲ್ಲ, ಇಲ್ಲಿ ಬೇಕು. ಮಾಂಸದಂಗಡಿಯ ಕೊರಡು ಯಾವ ಮರದ್ದು? ಹುಣಸೆ. ಗಾಣಕ್ಕೂ ಅದನ್ನೇ ಹಾಕುತ್ತಿದ್ದರು. ದಿನವೂ ಕತ್ತಿ ಏಟು ತಿನ್ನುವ ಮರಕ್ಕೆ ನಿಮ್ಮ ಬೆರಳು ಯಾವ ಲೆಕ್ಕ? ಚೇಗು ಕಡು ಕಂದು, ಸ್ವಲ್ಪ ನೇರಳೆ ಛಾಯೆ. ಆದರೆ ಚೇಗು ಸಣ್ಣದು, ಸುತ್ತ ಬಿಳಿಯೇ ಜಾಸ್ತಿ. ಒಂದು ದೊಡ್ಡ ಮರದಲ್ಲಿ ನಾಲ್ಕಾರು ಪಟ್ಟಿ ಸಿಕ್ಕರೆ ಪುಣ್ಯ. ಉಳಿಗೆ ಸಾಣೆ ಹಿಡಿಯುತ್ತಲೇ ಇರಬೇಕು.

ಫ್ರೆಟ್ ಇಲ್ಲದ ಬೇಸ್‌ಗೆ ಇನ್ನೂ ಗಟ್ಟಿ ಮೈ ಬೇಕು, ತಂತಿ ನೇರ ಮರವನ್ನೇ ಉಜ್ಜುತ್ತದೆ. ಜಾಕೋ ಪಾಸ್ಟೋರಿಯಸ್ ಅನ್ನುವ ಅಮೆರಿಕದ ಕಲಾವಿದ ತನ್ನ ಫೆಂಡರ್ ಜಾಝ್ ಬೇಸ್‌ನಲ್ಲಿ ಫ್ರೆಟ್ ಜಾಗ ತುಂಬಿಸಿ, ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದರು. ಗಮಕ ಕಲಿತವರು ಒಮ್ಮೆ ಫ್ರೆಟ್ ಇಲ್ಲದ ಬೇಸ್ ಹಿಡಿದು ನೋಡಿ. ನಮ್ಮ ಸಂಗೀತಕ್ಕೆ ಅದು ಹೇಳಿ ಮಾಡಿಸಿದ ವಾದ್ಯ. ಇರಲಿ, ಅದು ಇನ್ನೊಂದು ಸಂಜೆಯ ಮಾತು.

ತಲೆಯ ಹತ್ತಿರ ತಂತಿ ಕೂರುವ ಪಟ್ಟಿ, ನಟ್ ಅನ್ನುತ್ತೇವಲ್ಲ, ಅದಕ್ಕೆ ಮೂಳೆ ಒಳ್ಳೆಯದು. ಆದರೆ ನಮ್ಮ ಕಡೆ ಎಷ್ಟೋ ಜನ "ಮೂಳೆ ಬೇಡ, ಆಯುಧಪೂಜೆಗೆ ದೇವರ ಮುಂದೆ ಇಡುತ್ತೇವೆ" ಅನ್ನುತ್ತಾರೆ. ವಾದ ಮಾಡಬೇಡಿ. ಹಿತ್ತಾಳೆಯಲ್ಲಿ ಮಾಡಿ. ಇಲ್ಲವಾದರೆ ಅಡುಗೆಮನೆ ಕಟ್ಟೆಗೆ ಹಾಕುವ ಕೋರಿಯನ್ ತುಂಡು ಕೇಳಿ ತನ್ನಿ. ತಂತಿ ಒತ್ತಿದ ಕೂಡಲೇ ನಟ್ ಲೆಕ್ಕಕ್ಕೇ ಇಲ್ಲ, ಫ್ರೆಟ್ ಇಂದ ದನಿ ಬರುತ್ತದೆ.

ಪಿಕಪ್ ಬಗ್ಗೆ ಇವತ್ತು ಜಾಸ್ತಿ ಹೇಳಲ್ಲ. ಒಂದೇ ಮಾತು. ನಮ್ಮ ಸ್ಟೇಜ್‌ಗಳಲ್ಲಿ ಅರ್ತಿಂಗ್ ಸರಿ ಇರಲ್ಲ. ಗುಂಯ್ ಸದ್ದು ಬರದಿರಲಿ ಅಂತಿದ್ದರೆ ಎರಡು ಸುರುಳಿ ಎದುರುಬದುರು ಸುತ್ತಿದ, ಸದ್ದು ಕಳೆಯುವ ಪಿಕಪ್ ಹಾಕಿ. 1957ರಿಂದ ಪ್ರಿಸಿಷನ್ ಬೇಸ್‌ನಲ್ಲಿ ಇರುವುದು ಅಂಥದ್ದೇ. ಪಿಕಪ್ ಕೂರುವ ಗುಂಡಿಯೊಳಗೆ ತಾಮ್ರದ ತಗಡು ಅಂಟಿಸಿ, ಬ್ರಿಡ್ಜ್‌ಗೆ ಗ್ರೌಂಡ್ ತಂತಿ ಬೆಸೆಯಿರಿ. ತಂತಿ ಮುಟ್ಟಿ ಮೈಕ್‌ಗೆ ತುಟಿ ತಾಗಿಸಿದರೆ ಜುಂ ಅಂದರೆ ದೋಷ ಬೇಸ್‌ನದಲ್ಲ. ಅದು ಜನರೇಟರ್‌ನವನ ಅರ್ತಿಂಗ್. ನುಡಿಸುವುದು ನಿಲ್ಲಿಸಿ, ಮೊದಲು ಅವನನ್ನು ಕರೆಸಿ. ನಾಚಿಕೊಂಡು ಮುಂದುವರಿಸಬೇಡಿ, ಪ್ರಾಣದ ಪ್ರಶ್ನೆ.

ಯಾರೋ ಹಿಂದೆ ಕೈ ಎತ್ತಿದ್ದಾರೆ. ತಿಪಟೂರಿನವರಾ? ತೆಂಗಿನ ಮರದಲ್ಲಿ ಆಗುತ್ತದಾ ಅಂತ ಕೇಳುತ್ತೀರಿ ಅಂತ ಗೊತ್ತಿತ್ತು!

ಆಗುತ್ತದೆ, ಆದರೆ ಎಲ್ಲ ಕಡೆಗೂ ಅಲ್ಲ. ತೆಂಗಿಗೆ ಉಂಗುರವಿಲ್ಲ, ಚೇಗಿಲ್ಲ. ಬರೀ ನಾರಿನ ಕಂತೆ. ಬೇರೆ ಮರಕ್ಕೆ ತದ್ವಿರುದ್ಧ: ಹೊರಗೆ ಗಟ್ಟಿ, ಒಳಗೆ ಬೆಂಡು. ವಯಸ್ಸಾದ ಮರದ ಬುಡದಲ್ಲಿ, ಹೊರಗಿನ ಎರಡು ಮೂರು ಇಂಚು ಮಾತ್ರ ನನಗೆ ಉಪಯೋಗ. ಅದರಲ್ಲಿ ಫಿಂಗರ್‌ಬೋರ್ಡ್ ಮಾಡಿ ನೋಡಬಹುದು. ಕಪ್ಪು ಗೆರೆ ಗೆರೆಯಾಗಿ ಚೆನ್ನಾಗಿ ಕಾಣುತ್ತದೆ. ಆದರೆ ಫ್ರೆಟ್ ಹೊಡೆಯುವಾಗ ನಾರು ಎದ್ದು ಬರುತ್ತದೆ, ಮೊದಲು ತೆಳ್ಳಗಿನ ಸೂಪರ್ ಗ್ಲೂ ಕುಡಿಸಬೇಕಾಗಬಹುದು. ಕಳೆದ ವರ್ಷ ನಿಮ್ಮ ಊರಿನವರೇ ಒಬ್ಬರು ಒಂದು ತುಂಡು ತಂದುಕೊಟ್ಟರು. ಅದು ನನ್ನ ಅಟ್ಟದ ಮೇಲಿದೆ. ಒಂದೂವರೆ ಇಂಚು ದಪ್ಪ. ಬಂದಾಗ ಮೂರು ಕಿಲೋ ಇನ್ನೂರು ಗ್ರಾಂ ಇತ್ತು. ಮೊನ್ನೆ ತೂಗಿದೆ, ಎರಡು ಕಿಲೋ ಆರುನೂರು. ಹೋದ ತಿಂಗಳಿಗಿಂತ ಇನ್ನೂ ನಲವತ್ತು ಗ್ರಾಂ ಇಳಿದಿದೆ. ಇನ್ನೂ ಮುಟ್ಟುವ ಹಾಗಿಲ್ಲ.